ಚೊಕ್ಕಟ ಕೊಲ್ಲಿಯ ಕೆಸರು

ಮಾರ್ಚ್ ೧೧, ಮಂಗಳವಾರ

ಬೆಳಿಗ್ಗೆ ಪ್ರಯೋಗಾಲಯದಿಂದ ಫಲಿತಾಂಶ ಬಂತು. ಪೂರ್ವದ ಕೊಲ್ಲಿಯ ಕೆಸರಿನಲ್ಲಿ ಸೀಸ! ಹಳೆಯ ಹಡಗುಗಳನ್ನು ಒಡೆಯುತ್ತಿದ್ದ ಪಶ್ಚಿಮದ ಕೊಲ್ಲಿಯಲ್ಲಿದ್ದರೆ ಸರಿ, ಅದನ್ನು ತೆಗೆಯಲೆಂದೇ ನಾವು ಈ ದ್ವೀಪಕ್ಕೆ ಬಂದದ್ದು. ಆದರೆ ಪೂರ್ವದ್ದು ನಮ್ಮ ಚೊಕ್ಕಟ ಕೊಲ್ಲಿ. ಕೊಳಕು ಎಷ್ಟೆಂದು ಹೋಲಿಸಿ ನೋಡಲು ನಾವೇ ಆರಿಸಿಕೊಂಡ ಜಾಗ. ಅಲ್ಲಿಗೆ ಸೀಸವೇನು ಕಾಲು ಬಂದು ನಡೆದುಕೊಂಡು ಹೋಯಿತೇ?

ದೋಣಿಯವನನ್ನು ಕೇಳಿದೆ, ಅಲ್ಲಿಗೆ ಬೇರೆ ಯಾರಾದರೂ ಬರ್ತಾರಾ ಅಂತ.

"ಯಾರು ಬರ್ತಾರೆ ಅಕ್ಕಾ? ನಾವೇ ಅಲ್ವಾ, ದಿನಾ ಸಂಜೆ ಕೆಸರೆತ್ತೋ ದೋಣಿ, ಬಕೆಟ್ಟು, ಬೂಟು ಎಲ್ಲಾ ಅಲ್ಲೇ ತೊಳೆಯೋದು. ನೀರು ಚೊಕ್ಕಟ ಇದೆ ಅಂತ."

ಎರಡು ವರ್ಷದಿಂದ ಒಂದು ಕೊಲ್ಲಿಯ ವಿಷವನ್ನು ಹೊತ್ತೊಯ್ದು ಇನ್ನೊಂದಕ್ಕೆ ಸುರಿದಿದ್ದೇವೆ. ಇಷ್ಟು ಓದಿದ ತಲೆಗಳಲ್ಲಿ ಒಂದಕ್ಕಾದರೂ ಹೊಳೆಯಬಾರದಿತ್ತೇ!

ರಾತ್ರಿ ಅಡುಗೆಯಮ್ಮ ಚಿಪ್ಪುಮೀನು ಬಡಿಸುತ್ತಾ, "ನಿಮ್ಮ ಚೊಕ್ಕಟ ಕೊಲ್ಲಿದೇ, ಧೈರ್ಯವಾಗಿ ತಿನ್ನಿ. ನನ್ನ ಮೊಮ್ಮಗೂಗೂ ಅಲ್ಲಿದೇ ಕೊಡೋದು" ಎಂದಳು. ತಟ್ಟೆ ಆಚೆ ಸರಿಸಿದೆ. ಎಲ್ಲವನ್ನೂ ಹೇಳಿಬಿಟ್ಟೆ. ನನ್ನ ತಟ್ಟೆ ಎತ್ತಿಕೊಂಡು ಒಳಗೆ ಹೋದವಳು ಮತ್ತೆ ಹೊರಗೆ ಬರಲಿಲ್ಲ.

ನಾಳೆ ಮಗುವಿನ ರಕ್ತ ಪರೀಕ್ಷೆಗೆ ದೋಣಿ ಗೊತ್ತು ಮಾಡಬೇಕು. ನಿದ್ದೆ ಹತ್ತಿರವೂ ಸುಳಿಯುತ್ತಿಲ್ಲ.

ಬಾಗಿಲ ಬಳಿ ನನ್ನ ಬೂಟು ಫಳಫಳ ಹೊಳೆಯುತ್ತಿದೆ. ದೋಣಿಯವನ ಮಾತು ಕೇಳಿದ ಮೇಲೂ, ಸಂಜೆ ಕಾಲು ತಾನಾಗಿಯೇ ಆ ಚೊಕ್ಕಟ ಕೊಲ್ಲಿಗೇ ನಡೆದಿದೆ. ಯಾವಾಗ ತೊಳೆದೆನೋ, ನೆನಪೇ ಇಲ್ಲ.