ಗುಂಡಿ ಡಬ್ಬಿಯಲ್ಲಿ ಅರ್ಧ ಮಾತ್ರೆ

ಮಾರ್ಚ್ ೧೪, ಗುರುವಾರ.

ಅಮ್ಮನ ಗುಂಡಿ ಡಬ್ಬಿಯನ್ನು ಎದುರಿಗಿಟ್ಟುಕೊಂಡು ಕೂತಿದ್ದೇನೆ.

ಲಾಂಡ್ರಿಯಲ್ಲಿ ಪೂರ್ತಿ ದಿನದ ಕೆಲಸಕ್ಕೆ ಸೇರಿ ಮೂರು ತಿಂಗಳಾಯಿತು. ಸಂಬಳ ಬಂದರೆ ನಮ್ಮಿಬ್ಬರ ಸರ್ಕಾರಿ ಆರೋಗ್ಯ ವಿಮೆ ಹೋಗುತ್ತದೆಂದು ಹೆದರಿ, ವಿಮೆ ಕಚೇರಿಯ ಕಡೆ ತಲೆಯೇ ಹಾಕಿರಲಿಲ್ಲ. ಇವತ್ತು ಧೈರ್ಯ ಮಾಡಿ ಹೋದೆ.

"ಕೆಲಸ ಸಿಕ್ಕ ಮೇಲೂ ಒಂದು ವರ್ಷ ವಿಮೆ ಕಾರ್ಡು ನಡೆಯುತ್ತಮ್ಮ. ಮೊದಲೇ ಬಂದು ಕೇಳಬಾರದಿತ್ತಾ?" ಎಂದಳು ಗುಮಾಸ್ತೆ.

ಓಡೋಡಿ ಬಂದು ಅಮ್ಮನಿಗೆ ಹೇಳಿದೆ. ಅವಳು ನಗಲಿಲ್ಲ. ದಿಂಬಿನ ಕೆಳಗಿನಿಂದ ಈ ಡಬ್ಬಿ ತೆಗೆದಳು. ಒಳಗೆ ಗುಂಡಿಗಳಿರಲಿಲ್ಲ, ಅವಳ ಹೃದಯದ ಮಾತ್ರೆಗಳ ಅರ್ಧ ಚೂರುಗಳಿದ್ದವು.

"ಕಾರ್ಡು ಹೋದ್ಮೇಲೆ ಬೇಕಾಗುತ್ತಲ್ಲ ಅಂತ, ನಿಂಗೆ ಕೆಲಸ ಸಿಕ್ಕಾಗಿನಿಂದ ದಿನಾ ಅರ್ಧ ಎತ್ತಿಡ್ತಿದ್ದೆ ಕಣೆ."

ಅವಳ ಪಾದ ಊದಿದ್ದನ್ನು ನಾನು ನೋಡಿದ್ದೆ, ಮಾತ್ರೆ ಸಾಲದೆ ಊದಿದ್ದೆಂದು ಹೊಳೆದಿರಲಿಲ್ಲ. ಚಪ್ಪಲಿ ಬಿಗಿಯಾಯಿತು ಎಂದಳೆಂದು, ಮೊದಲ ಸಂಬಳದಲ್ಲಿ ಒಂದು ಅಳತೆ ದೊಡ್ಡದನ್ನು ತಂದುಕೊಟ್ಟು ಹೆಮ್ಮೆಪಟ್ಟಿದ್ದೆ.