ಹೆಬ್ಬೆರಳು ಪೂರ್ತಿ ಒತ್ತಿದ ಚಿತ್ರ

ಮಾನ್ಯ ಕುಲಪತಿಗಳೇ,

ತಮ್ಮ ವಿಶ್ವವಿದ್ಯಾಲಯದ ಹೊಸ ಪ್ರವೇಶ ಪುಸ್ತಿಕೆಯ ಮುಖಪುಟದಲ್ಲಿ ಬಿಳಿ ಕೋಟು ತೊಟ್ಟು, ದ್ರವ ಅಳೆದು ಎಳೆಯುವ ಪಿಪೆಟ್ಟು ಹಿಡಿದು ನಗುತ್ತಿರುವ ಹುಡುಗಿಗೆ ಪಿಪೆಟ್ಟು ಹಿಡಿಯಲು ಬರುವುದಿಲ್ಲ. ಕಲಿಸದವರು ತಾವು.

ಅವಳು ನನ್ನ ಸಹಪಾಠಿ. ನೀರಿನ ಬಾಟಲಿಯ ಕೊನೆಯ ತೊಟ್ಟನ್ನೂ ಚೆಲ್ಲಲು ಬಿಡದವಳೆಂದು ನಾವೆಲ್ಲ 'ಹನಿ' ಎನ್ನುತ್ತಿದ್ದೆವು. ಇಬ್ಬರೂ ಅಣು ಜೈವಿಕ ತಂತ್ರಜ್ಞಾನ ಓದಿದೆವು. ಕೈಗೆ ದಕ್ಕಿದ್ದು ಅಣುವಷ್ಟೂ ಇಲ್ಲ. ಡಿಎನ್‌ಎ ತುಣುಕೊಂದನ್ನು ಕೋಟಿಗಟ್ಟಲೆ ಪ್ರತಿ ಮಾಡುವ ಪಿಸಿಆರ್ ಯಂತ್ರ ಪ್ರಯೋಗಾಲಯದಲ್ಲಿ ಇತ್ತು, ಬೀಗ ಹಾಕಿದ ಗಾಜಿನ ಬೀರುವಿನಲ್ಲಿ, ಕಂಪನಿಯ ಪ್ಲಾಸ್ಟಿಕ್ ಹೊದಿಕೆ ಹೊದ್ದುಕೊಂಡು. ಹಾಗಾಗಿ ಪ್ರತಿ ಮಾಡುವ ಕೆಲಸವನ್ನು ನಾವೇ ವಹಿಸಿಕೊಂಡೆವು, ಹಿರಿಯ ವಿದ್ಯಾರ್ಥಿಗಳ ರೆಕಾರ್ಡ್ ಪುಸ್ತಕ ನೋಡಿ. ಹನಿ ಒಮ್ಮೆ ಪ್ರಯೋಗಾಲಯದ ಸಹಾಯಕರನ್ನು ಕೇಳಿಯೇಬಿಟ್ಟಳು.

"ಅಣ್ಣಾ, ಒಂದೇ ಒಂದ್ಸಲ ಬೀಗ ತೆಗೀರಿ."

"ಕೆಟ್ಟೋದ್ರೆ ಯಾರಮ್ಮ ಹೊಣೆ? ಮೇಲಿನವ್ರ ಆರ್ಡರು."

"ಉಪಯೋಗಿಸ್ದೇನೇ ಕೆಟ್ಟೋದ್ರೆ?"

"ಅದಕ್ಕೆ ಯಾರೂ ಹೊಣೆ ಅಲ್ಲ, ಬಿಡು."

ವಿಶ್ವವಿದ್ಯಾಲಯಕ್ಕೆ ದರ್ಜೆ ಕೊಡುವ ಮೌಲ್ಯಮಾಪನ ಸಮಿತಿ ಬಂದ ದಿನ ಮಾತ್ರ ಹೊದಿಕೆ ಸರಿಯಿತು, ಪಿಪೆಟ್ಟುಗಳೂ ಹೊರಬಂದವು. ಖಾಲಿ ಕೊಳವೆಯ ಮುಂದೆ ಹನಿಯನ್ನು ನಿಲ್ಲಿಸಿ ಛಾಯಾಗ್ರಾಹಕ ಹೇಳಿದ: "ಗುಂಡಿ ಪೂರ್ತಿ ಒತ್ತಮ್ಮ, ಕೆಲಸ ಮಾಡ್ತಿರೋ ಹಾಗೆ ಕಾಣ್ಲಿ." ಒತ್ತಿದಳು. ಪ್ರಾಧ್ಯಾಪಕರು ಪಕ್ಕದಲ್ಲೇ ಟೈ ಸರಿಮಾಡಿಕೊಳ್ಳುತ್ತಿದ್ದರು. ಅವಳ ಪಾಲಿಗೆ ನಡೆದ ಪ್ರಾಯೋಗಿಕ ತರಗತಿ ಅದೊಂದೇ.

ಪಿಪೆಟ್ಟಿನ ಆ ಗುಂಡಿ ಎರಡು ಹಂತದಲ್ಲಿ ಇಳಿಯುತ್ತದೆ, ಸ್ವಾಮಿ. ದ್ರವ ಎಳೆಯುವಾಗ ಮೊದಲ ಹಂತದಲ್ಲೇ ನಿಲ್ಲಬೇಕು. ಪೂರ್ತಿ ಒತ್ತುವುದು ಹೊರಹಾಕುವಾಗ. ತರಗತಿಗೇ ಮೊದಲಿಗಳಾದ ಹನಿ, ರೋಗಪರೀಕ್ಷಾ ಕೇಂದ್ರವೊಂದರ ಸಂದರ್ಶನದಲ್ಲಿ ಪೂರ್ತಿ ಒತ್ತಿಯೇ ಎಳೆದಳು. ಅಳತೆ ಮೀರಿತು. ಎದುರಿಗಿದ್ದ ಹೆಂಗಸು ಬೈಯಲಿಲ್ಲ. "ಎಲ್ಲಿ ಓದಿದ್ದಮ್ಮ?" ಎಂದರಂತೆ. ಇವಳು ಹೇಳಿದಳಂತೆ. "ಓಹೋ" ಎಂದರಂತೆ. ಆ 'ಓಹೋ' ತಮ್ಮ ಕಿವಿಗೆ ಬೀಳಬೇಕಿತ್ತು. ಮೌಲ್ಯಮಾಪನವೆಂದರೆ ಅದು.

ಈಗ ಹನಿ ಸೋದರಮಾವನ ಕನ್ನಡಕದ ಅಂಗಡಿಯಲ್ಲಿದ್ದಾಳೆ. "ಮತ್ತೆ ಅರ್ಜಿ ಹಾಕೇ" ಎಂದೆ. "ಪಿಪೆಟ್ಟು ನೆನೆಸ್ಕೊಂಡ್ರೇ ಕೈ ನಡುಗುತ್ತೆ ಕಣೇ" ಎಂದಳು, ಗಾಜು ಒರೆಸುತ್ತಾ. ಕೊನೆಯ ತೊಟ್ಟನ್ನೂ ಚೆಲ್ಲದ ಕೈ ಅದು. ನಡುಕ ಕಲಿಸುವುದಕ್ಕೆ ಇಷ್ಟು ದೊಡ್ಡ ಕಟ್ಟಡ ಬೇಕಿತ್ತೇ?

ಬೀರುವಿನ ಬೀಗ ತೆಗೆಸಿ. ಹೊಸ ವಿದ್ಯಾರ್ಥಿಗಳು ಬರುವ ಮುನ್ನ ಹನಿಯನ್ನು ಕರೆಸಿ, ಪ್ರಯೋಗಾಲಯದ ಬೆಂಚನ್ನು ಒಂದು ವಾರ ಅವಳಿಗೆ ಬಿಟ್ಟುಕೊಡಿ; ಕೆಲಸ ಗೊತ್ತಿರುವವರೊಬ್ಬರು ಪಕ್ಕದಲ್ಲಿರಲಿ. ಆಗದಿದ್ದರೆ ಮುಖಪುಟದಿಂದಲಾದರೂ ಅವಳನ್ನು ಬಿಡುಗಡೆ ಮಾಡಿ. ಮೊನ್ನೆ ಅಂಗಡಿಗೆ ಬಂದ ತಾಯಿಯೊಬ್ಬರು ಪುಸ್ತಿಕೆ ತೋರಿಸಿ, "ಇದು ನೀನೇ ಅಲ್ವಾ? ನಮ್ಮ ಮಗಳನ್ನೂ ಅಲ್ಲಿಗೇ ಸೇರಿಸ್ತಿದೀವಿ" ಎಂದರಂತೆ. ಹನಿ ಸುಮ್ಮನೆ ನಕ್ಕಳಂತೆ, ಚಿತ್ರದಲ್ಲಿ ನಕ್ಕ ಹಾಗೆಯೇ.

ಇಂತಿ,
ಅದೇ ಮುಖಪುಟದಲ್ಲಿ ಅವಳ ಎಡಕ್ಕೆ ಕತ್ತರಿಸಿ ಉಳಿಸಿದ ಅರ್ಧ ಭುಜ