ರೆಪ್ಪೆಯ ಮೇಲಿನ ನೀಲಿ

೧೪ ಮಾರ್ಚ್ ೧೯೮೪, ಬುಧವಾರ. ಕೊಟ್ಟೂರು.

ಮಗಳ ಆಫೀಸಿನವರು ನಕ್ಕಿದ್ದು ಇನ್ನೂ ಉರಿಸುತ್ತಿದೆ. ವಿಮಲಾ ಇವತ್ತು ರೆಪ್ಪೆಗೆ ನೀಲಿ ಬಣ್ಣ ಹಚ್ಚಿಕೊಂಡು ಕೆಲಸಕ್ಕೆ ಹೋಗಿದ್ದಳು. ಮಧ್ಯಾಹ್ನದೊಳಗೆ ಅದು ಕೆನ್ನೆಗಿಳಿಯಿತಂತೆ. “ಏನವಾ, ಬಯಲಾಟಕ್ಕ ಹೊಂಟೀಯೇನು?” ಅಂದನಂತೆ ಹೆಡ್ ಗುಮಾಸ್ತ. ಹೋದ ವರ್ಷ ಅವನೇ ದ್ರೌಪದಿಯ ವೇಷ ಕಟ್ಟಿ, ಕಣ್ತುಂಬ ಬಣ್ಣ ಬಳಿದುಕೊಂಡು ಬೆಳಗಿನವರೆಗೆ ಕುಣಿದ. ಊರು ಹಾರ ಹಾಕಿತು. ನಾನು ಮರೆತಿಲ್ಲ.

ವಿಮಲಾ ಬಣ್ಣದ ಡಬ್ಬಿಯನ್ನು ತಿಪ್ಪೆಗೆ ಎಸೆಯಹೊರಟಾಗ ಕೈ ಹಿಡಿದೆ. ತಪ್ಪು ಬಣ್ಣದ್ದಲ್ಲ, ಸ್ನಾನವಾದ ಕೂಡಲೇ ನಾವು ಮುಖಕ್ಕೆ ಸವರುವ ಕೊಬ್ಬರಿ ಎಣ್ಣೆಯದು. ಕಡಲೆಹಿಟ್ಟಿನಿಂದ ಮುಖ ತೊಳೆಸಿ, ಒರೆಸಿ, ರೆಪ್ಪೆಗೆ ಪೌಡರ್ ಹಚ್ಚಿ, ಬಣ್ಣವನ್ನು ತಿಕ್ಕದೆ ಬೆರಳಿನಿಂದ ಒತ್ತಿದೆ. ಬಣ್ಣ ದಟ್ಟವಾಗಿ ಕೂತಿತು. ಅವಳು ಒಲೆ ಮುಂದೆ ರೊಟ್ಟಿ ಬಡಿದು ಬೆವೆತರೂ ಅದು ಕದಲಲಿಲ್ಲ.

“ನಾಳೆ ಒಬ್ಬಾಕಿನ ಹೆಂಗ ಹೋಗ್ಲಬೇ?”

“ನಾನೂ ಬರ್ತೀನಿ. ನನಗೂ ಹಚ್ಚು.”

“ನಿನಗಾ? ಮಂದಿ ಏನಂತಾರ?”

“ಹಚ್ಚು ಅಂದ್ರ ಹಚ್ಚವಾ.”

ಹಚ್ಚಿದಳು. ಗಂಡ ಸತ್ತ ದಿನ ನನ್ನ ಕುಂಕುಮ ಅಳಿಸುವಾಗ ಯಾರೂ ನನ್ನನ್ನು ಕೇಳಿರಲಿಲ್ಲ. ನಾಳೆ ಆಫೀಸಿನ ಬಾಗಿಲಲ್ಲೇ ನಿಲ್ಲುತ್ತೇನೆ. ಇದನ್ನು ಅಳಿಸಲು ಯಾರು ಬರುತ್ತಾರೋ ಬರಲಿ.